ಬ್ಲೌಸಿಗೆ ಚುಚ್ಚಿದ ಚೀಟಿ

ನ್ಯಾಮತಿ ಬಸ್ ನಿಲ್ದಾಣದ ಹಿಂದೆ ಗನಿಸಾಬರ ಟೈಲರ್ ಅಂಗಡಿ. ಅಲ್ಲಿ ಹೊಲಿಯುವ ತೌಸಿಫ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಳತೆ ಬ್ಲೌಸು ತಂದುಕೊಟ್ಟರೆ ಆಯಿತು, ಟೇಪು ಹಿಡಿಯುವುದೂ ಬೇಡ, ಯಾರ ಮುಖ ನೋಡುವುದೂ ಬೇಡ. ಅವನು ಈ ಕಸುಬಿಗೆ ಬಿದ್ದದ್ದೇ ಅದಕ್ಕೆ ಎಂದು ಪಕ್ಕದ ಮಿಷನ್ನಿನ ಮುಜೀಬ್ ಛೇಡಿಸುತ್ತಿದ್ದ. ಮುಜೀಬನಿಗೆ ಹೆಂಡತಿ, ಎರಡು ಮಕ್ಕಳು, ಬಾಯಿಗೆ ಬೀಗವಿಲ್ಲ. ತೌಸಿಫನನ್ನು ಮಾತ್ರ ಊರು ಸಂಭಾವಿತ ಎನ್ನುತ್ತಿತ್ತು. ಪುಕ್ಕಲುತನಕ್ಕೆ ಎಷ್ಟು ಒಳ್ಳೆಯ ಹೆಸರು ನೋಡಿ.

ಹೊಲಿದ ಬ್ಲೌಸುಗಳು ಹುಕ್ಸು, ಹೆಮ್ಮಿಂಗಿಗೆ ನಜೀರಾಬಿಯ ಮನೆಗೆ ಹೋಗುತ್ತಿದ್ದವು. ಆ ಕೆಲಸ ಮಾಡುವವಳು ಆಕೆಯ ಮಗಳು ಮಸರತ್. ಯಾವುದಕ್ಕೆ ಏನಾಗಬೇಕು ಎಂದು ತೌಸಿಫ್ ಚೀಟಿ ಬರೆದು ಬ್ಲೌಸಿಗೆ ಪಿನ್ನು ಚುಚ್ಚುತ್ತಿದ್ದ. "ಹುಕ್ಸು ಹಿಂದೆ" ಎಂದಷ್ಟೇ ಬರೆಯುತ್ತಿದ್ದವನು ಎರಡು ವರ್ಷದಲ್ಲಿ ಎಲ್ಲೆಲ್ಲಿಗೋ ಹೋಗಿದ್ದ. "ಈ ಟೀಚರಮ್ಮ ತಿಂಗಳಿಗೊಮ್ಮೆ ದಪ್ಪ ಆಗ್ತಾರೆ, ಹುಕ್ಸು ಗಟ್ಟಿ ಇರಲಿ" ಎಂದು ಬರೆದರೆ, "ನಿಮಗೆ ಹಿಂಗೆಲ್ಲಾ ಮಾತಾಡಾಕೆ ಬರ್ತೈತಾ?" ಎಂದು ಅವಳ ಚೀಟಿ ಬರುತ್ತಿತ್ತು. ಅವಳೇ ಎದುರಿಗೆ ಬಂದರೆ ಮಾತ್ರ ಇವನು ಬಗ್ಗಿ ಮಿಷನ್ನಿನ ದಾರದ ಉರುಳೆ, ಬಾಬಿನ್, ಹುಡುಕುತ್ತಿದ್ದ.

ಕೊನೆಗೊಂದು ದಿನ, ಹಸಿರು ಬ್ಲೌಸೊಂದಕ್ಕೆ, ಹೊಟ್ಟೆಯೊಳಗಿದ್ದದ್ದನ್ನು ಬರೆದು ಚುಚ್ಚಿಯೇಬಿಟ್ಟ: "ಹುಕ್ಸು ಐದು. ನೀವಂದ್ರೆ ನನಗೆ ಬಹಳ ಇಷ್ಟ. ನಿಮಗೆ ಹೆಂಗೆ?"

ಮರುದಿನ ಮಸರತ್ ತಾನೇ ಬಂದಳು. ಗನಿಸಾಬರು ಬಟ್ಟೆ ಕತ್ತರಿಸುತ್ತಿದ್ದರು. ತಿಂಗಳಿಗೊಮ್ಮೆ ದಪ್ಪ ಆಗುವ ಅದೇ ಗೋವಿನಕೋವಿಯ ವನಜಾಕ್ಷಿ ಟೀಚರ್ ಬ್ಲೌಸಿಗೆ ಕಾದು ಕೂತಿದ್ದರು. ಅವಳು ಸೀದಾ ಬಂದು ತೌಸಿಫನ ಮಿಷನ್ನಿನ ಮೇಲೆ ಚೀಟಿ ಇಟ್ಟಳು.

"ಇದು ನೀವು ಬರೆದಿದ್ದೇನ್ರೀ?"

ಮೆತ್ತಗೆ ಕೇಳಿದಳು, ಬೈಯುವ ದನಿಯೇ ಅಲ್ಲ. ಒಂದು 'ಹೂಂ' ಸಾಕಿತ್ತು. ಎಲ್ಲರ ಕಣ್ಣು ಮೈಮೇಲೆ ಬಿದ್ದದ್ದೇ ತಡ, ಈ ಪುಣ್ಯಾತ್ಮ ಚೀಟಿಯನ್ನು ಅವಳ ಕಡೆಗೇ ತಳ್ಳಿದ. "ನಾನಲ್ಲ" ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಮುಜೀಬ್ ಬರ್ದಿರಬೇಕು. ಅವನು ಹಿಂಗೇ ತಮಾಷೆ ಮಾಡ್ತಿರ್ತಾನೆ."

ಮುಜೀಬ್ ಮಿಷನ್ ನಿಲ್ಲಿಸಿದ. ತೌಸಿಫನನ್ನೊಮ್ಮೆ ನೋಡಿ ಎದ್ದು ನಿಂತು, "ಹೌದಮ್ಮ, ನಂದೇ. ತಪ್ಪಾಯ್ತು" ಎಂದ. ಹೆಂಡತಿ ಮಕ್ಕಳಿರುವವನಿಗೆ ನಾಚಿಕೆಯಿಲ್ಲವೇ ಎಂದು ಗನಿಸಾಬರು ಟೀಚರ ಮುಂದೆಯೇ ಅವನಿಗೆ ಉಗಿದರು. ಮಸರತ್ ಆ ಕಡೆ ತಿರುಗಲೂ ಇಲ್ಲ. ತೌಸಿಫನನ್ನೇ ಸ್ವಲ್ಪ ಹೊತ್ತು ನೋಡಿ, ಚೀಟಿ ಎತ್ತಿಕೊಂಡು ಹೊರಟುಹೋದಳು. ಅವನು ಬಗ್ಗಿ ಬಾಬಿನ್ ಹುಡುಕುತ್ತಿದ್ದ.

ಎರಡು ದಿನ ಬಿಟ್ಟು ನಜೀರಾಬಿ ಚೀಲ ತಂದುಕೊಟ್ಟರು. ಹಸಿರು ಬ್ಲೌಸಿಗೆ ಐದು ಹುಕ್ಸು ಬಿದ್ದಿದ್ದವು. ಅದರಡಿಯಲ್ಲಿ ದಾರಕ್ಕೆ ಪೋಣಿಸಿದ ಚೀಟಿಗಳು, ಎರಡು ವರ್ಷದ ಅವನ ಚೀಟಿಗಳು. ಒಂದನ್ನೂ ಅವಳು ಬಿಸಾಡಿರಲಿಲ್ಲ. ಮೇಲೆ ಅವಳದೊಂದಿತ್ತು: "ನಿಮ್ಮ ಅಕ್ಷರ ಗೊತ್ತಾಗದೆ ಕೇಳಾಕೆ ಬಂದಿರಲಿಲ್ಲ. ಬಾಯಲ್ಲಿ ಒಂದ್ಸಲ ಹೇಳ್ತೀರಿ ಅಂತ ಬಂದಿದ್ದೆ."

ತೌಸಿಫನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎದ್ದು ಹೋಗಿ ಗನಿಸಾಬರ ಮುಂದೆ ನಿಂತು, ಬರೆದವನು ತಾನೆಂದು ಹೇಳಿದ.

"ನನಗ್ಯಾಕೆ ಹೇಳ್ತೀಯಪ್ಪ? ಅಲ್ಲಿ ಹೋಗಿ ಹೇಳು" ಎಂದರು ಅವರು, ಕತ್ತರಿ ನಿಲ್ಲಿಸದೆ. ಮುಜೀಬ್ ತಲೆಯೆತ್ತದೆ ಮಿಷನ್ ತುಳಿಯುತ್ತಲೇ ಇದ್ದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಸರತ್ ಮನೆಯ ಬಾಗಿಲು ತೆರೆದವರು ನಜೀರಾಬಿ. ಅವನ ಕೈಯಲ್ಲಿ ಚೀಲ ಕಾಣದೆ ಕೈ ಚಾಚಿದರು. "ಚೀಟಿ ಐತೇನಪ್ಪ? ಕೊಡು, ಒಳಗೆ ಕೊಡ್ತೀನಿ."

"ಚೀಟಿ ಇಲ್ಲ" ಎಂದ. "ಮಸರತ್‌ಗೆ ಬಾಯಲ್ಲೇ ಹೇಳಬೇಕು. ಆ ಚೀಟಿ ಬರೆದಿದ್ದು ನಾನು. ಅವತ್ತು ಎಲ್ಲರ ಮುಂದೆ ಸುಳ್ಳು ಹೇಳಿದೆ."

ನಜೀರಾಬಿ ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ನೋಡಿದರು. ಒಳಗೆ ಹುಕ್ಸು ಹಾಕುತ್ತಿದ್ದ ಮಸರತ್‌ಳ ಸೂಜಿ ನಿಂತಿತು. ಬಗ್ಗಿ ಹುಡುಕಲು ಅಲ್ಲಿ ಬಾಬಿನ್ನೂ ಇರಲಿಲ್ಲ. ತೌಸಿಫ್ ಹೊಸ್ತಿಲಾಚೆ ನಿಂತೇ ಇದ್ದ.