ಶೀತಲ್ ಗೇಟಿನ ಮುಂದೆ ನಿಂತ ದಿನ

ಯಾರೋ ಕಿತ್ತಳೆ ಸುಲೀತಿದ್ದಾರೆ, ಹಿಂದಿನ ಸೀಟಿನಿಂದಲೋ ಮುಂದಿನಿಂದಲೋ, ಶಿವಾಜಿನಗರ ಬಿಟ್ಟ ಬಸ್ಸಿನೊಳಗಿನ ಬೆವರು, ಡೀಸೆಲ್ಲು, ಯಾರದೋ ಬುತ್ತಿಯ ಹುಳಿ ಎಲ್ಲವನ್ನೂ ಸೀಳಿಕೊಂಡು ಆ ಘಾಟು ಬಂದು ಕಂಡಕ್ಟರ್ ಶಿವಶರಣನ ಮೂಗಿಗೆ ಬಡಿಯಿತು, ಇಲ್ಲಿ ಕಿತ್ತಳೆಗೆ ವಾಸನೀನೇ ಇಲ್ಲ ನೋಡ್ರಿ ಅಂದಿದ್ದಳು ಶೀತಲ್, ಇಂಗ್ಲೆಂಡಿನ ಲೀಡ್ಸಿಗೆ ಹೋದ ಹೊಸದರಲ್ಲಿ, ಫೋನಿನ ಪರದೆಗೆ ಹಣ್ಣನ್ನು ಇವನ ಮೂಗಿಗೇ ಹಿಡಿದಂತೆ ಹಿಡಿದು, ಇವನು ಉಸಿರೆಳೆದು ಮೂಸಿದಂತೆ ಮಾಡಿ, ಇಬ್ಬರೂ ನಕ್ಕಿದ್ದರು — ಟಿಕೆಟ್, ಟಿಕೆಟ್, ಒಳಗೆ ಹೋಗಿ ಸಾರ್, ಬಾಗಿಲಲ್ಲಿ ನಿಲ್ಬೇಡಿ — ನಗುವುದಕ್ಕೂ ಈಗ ಎರಡು ದೇಶದ ಗಡಿಯಾರ ನೋಡಬೇಕು, ಕಂಡಕ್ಟರ್ ಗಂಡ, ನರ್ಸ್ ಹೆಂಡತಿ, ಮದುವೆಯಾದಾಗಿನಿಂದಲೂ ಶಿಫ್ಟಿನ ಸಂಸಾರವೇ, ಆದರೆ ಆಗ ಮರ್ಫಿ ಟೌನಿನ ಆ ಒಂದೇ ರೂಮಿನ ಬಾಗಿಲಲ್ಲಿ ಒಬ್ಬರು ಹೊರಡುವಾಗ ಒಬ್ಬರು ಬರುತ್ತಿದ್ದರು, ಬೀಗದ ಕೈ ಕೊಡುವಾಗ ಬೆರಳಿಗೆ ಬೆರಳು ತಾಕುತ್ತಿತ್ತು, ಅಷ್ಟು ಸಾಕಾಗುತ್ತಿತ್ತು, ಈಗ ಬೀಗದ ಕೈ ದಿನವಿಡೀ ಇವನ ಜೇಬಿನಲ್ಲೇ, ಕೊಡುವುದಕ್ಕೆ ಯಾರೂ ಇಲ್ಲ, ಪಕ್ಕದ ಜೇಬಿನಲ್ಲಿ ಫೋನು, ಬೆಳಿಗ್ಗೆ ಅವಳು ಕಟ್ ಮಾಡಿದ ಮೇಲೆ ಒಂದು ಸಲವೂ ನಡುಗಿಲ್ಲ, ಮುಟ್ಟಿ ನೋಡುತ್ತಾನೆ, ಸತ್ತಿಲ್ಲ, ಬ್ಯಾಟರಿ ಇದೆ, ಅವಳೇ ಮತ್ತೆ ಮಾಡಿಲ್ಲ.

ಬೆಳಿಗ್ಗೆ ಡ್ಯೂಟಿಗೆಂದು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮಾಡಿದ್ದಳು, ಅಲ್ಲಿ ಇನ್ನೂ ಹಿಂದಿನ ರಾತ್ರಿ, ರೂಮಿನೊಳಗೂ ಕೋಟು ಹಾಕಿಕೊಂಡೇ ಕೂತಿದ್ದಳು, ಹೀಟರ್ ಹಚ್ಚಿದರೆ ಪಗಾರ ಅದರ ಹೊಟ್ಟೆಗೇ ಹೋಗುತ್ತದಂತೆ, ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಮಡಿಲಲ್ಲಿ ಇಟ್ಟುಕೊಂಡಿದ್ದಳು ಕೂಸಿನ ಹಾಗೆ, ನಾಳಿ ಮುಂಜಾನಿ ನಮ್ದು ಸ್ಟ್ರೈಕ್ ಅದರಿ, ದವಾಖಾನಿ ಗೇಟಿನ ಮುಂದ ನಿಂದರಬೇಕಂತ ಯೂನಿಯನ್ನವ್ರು ಹೇಳ್ಯಾರ, ನಾ ಹೋಗ್ಲೇನ್ರಿ? ಬ್ಯಾಡ. ಯೋಚಿಸಿ ಆಡಿದ ಮಾತಲ್ಲ, ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ ಬಂದ ಮಾತು. ನೀ ಹೊರಗಿನಾಕಿ, ನಿನ್ನ ವೀಸಾ ಆ ದವಾಖಾನಿಯವರ ಕೈಯಾಗ ಅದ, ನಾ ಅಲ್ಲಿಗೆ ಬರೋ ಕಾಗದ ಇನ್ನಾ ಆಗಬೇಕು, ಸುಮ್ಮ ಒಳಗ ಡ್ಯೂಟಿ ಮಾಡು. ಕಾನೂನು ಪ್ರಕಾರ ಮಾಡೋ ಸ್ಟ್ರೈಕಿಗೆ ವೀಸಾಕ್ಕ ಏನೂ ಆಗಂಗಿಲ್ಲಂತರಿ. ಯಾರಂದ್ರು? ನಮಗೂ ಹಂಗೇ ಅಂದಿದ್ರು, ಏನಾಯ್ತು ನೀನೇ ನೋಡೀಯಲ್ಲ. ಅವಳು ಬಿಸಿನೀರಿನ ಚೀಲವನ್ನು ಇನ್ನಷ್ಟು ಒತ್ತಿಕೊಂಡು ಹೇಳಿದಳು, ಮೊನ್ನೆ ನಮ್ಮ ವಾರ್ಡಿನ ಹಿರೇ ಸಿಸ್ಟರು, ತಲಿ ಪೂರಾ ಬೆಳ್ಳಗಾಗ್ಯದ ಆಕೀದು, ಪುಕಟ ರೇಷನ್ ಕೊಡೋ ಕಡಿ ಪಾಳಿ ಹಚ್ಚಿ ನಿಂತಿದ್ಲು, ನನ್ನ ನೋಡಿ ಮಾರಿ ಆ ಕಡಿ ತಿರುಗಿಸಿದ್ಲು, ಕೊರೊನಾದಾಗ ಇವ್ರಿಗೇ ಮನೀ ಮುಂದ ನಿಂತು ಚಪ್ಪಾಳಿ ಹೊಡದಿದ್ರಂತ, ಈಗ ಪಗಾರ ಕೇಳಿದ್ರ ಸರಕಾರದವ್ರಿಗೆ ಕಿವಿ ಕೇಳಂಗಿಲ್ಲಂತ. ಇವನು ಅದಕ್ಕೂ ಏನೋ ಅಂದ, ಅದೆಲ್ಲಾ ಅವರ ದೇಶದ್ದು, ನಮಗ್ಯಾಕ, ಅಂತ ಇರಬೇಕು. ಅವತ್ತ ನೀವು ಸ್ಟ್ರೈಕಿಗೆ ಹೊಂಟಾಗ ನಾ ಬ್ಯಾಡ ಅಂದಿದ್ನೇನ್ರಿ? ಫೋನು ಕಟ್ಟಾಯಿತು, ಕನ್ನಡಿಯಲ್ಲಿ ನೋಡಿದರೆ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ.

ಅಂದಿರಲಿಲ್ಲ, ನಿಜ, ಒಂದು ದಿನವೂ ಅಂದಿರಲಿಲ್ಲ, ಹೋದ ವರ್ಷ ಯುಗಾದಿ ಹೊತ್ತಿಗೆ ಸಂಬಳದ ಸ್ಟ್ರೈಕಿಗೆ ರಾಜ್ಯದ ಬಸ್ಸೆಲ್ಲ ನಿಂತಾಗ, ಇವನೂ ಡಿಪೋದ ಹೊರಗೆ ನಿಂತಾಗ, ಅವಳು ಇಂದಿರಾನಗರದ ನರ್ಸಿಂಗ್ ಹೋಮಿನಲ್ಲಿ ಕೊರೊನಾ ವಾರ್ಡಿನ ಪಾಳಿ ಮುಗಿಸಿ, ಮುಖದ ಮೇಲೆ ಮಾಸ್ಕಿನ ಗೆರೆ ಹೊತ್ತುಕೊಂಡೇ ನೆಟ್ಟಗೆ ಗೇಟಿಗೆ ಬಂದು ಬಿಸಿಲಲ್ಲಿ ಬೇರೆ ಹೆಂಗಸರ ಜೊತೆ ಸ್ಟೀಲ್ ತಟ್ಟೆ ಬಡಿದಿದ್ದಳು, ಅದರ ಹಿಂದಿನ ವರ್ಷ ಇದೇ ನರ್ಸುಗಳಿಗೆ ಊರೆಲ್ಲ ತಟ್ಟೆ ಬಡಿದಿತ್ತು, ಎಷ್ಟು ಬೇಗ ಸದ್ದು ಬದಲಾಗುತ್ತದೆ — ಪಾಸ್ ತೋರ್ಸಮ್ಮ, ಹ್ಞೂಂ — ಆಮೇಲೆ ಜೊತೆಯವರು ಸ್ಟ್ರೈಕ್ ಬಿಟ್ಟು ಒಬ್ಬೊಬ್ಬರೇ ಡ್ಯೂಟಿಗೆ ಒಳಗೆ ಹೋದರು, ಕಣ್ಣು ತಪ್ಪಿಸಿ, ಟೋಪಿ ಕೆಳಗೆಳೆದುಕೊಂಡು, ಹೋದವರನ್ನು ಏನನ್ನುವುದು, ಬಾಡಿಗೆ, ಮಕ್ಕಳ ಫೀಸು, ಸಿಲಿಂಡರು, ಎಲ್ಲರ ಮನೆಯಲ್ಲೂ ಅದೇ, ಇವನು ನಿಂತ, ಕೊನೆಗೆ ನಿಂತವರು ಬೆರಳೆಣಿಕೆ, ಕೆಲಸ ಹೋಯಿತು, ಯುಗಾದಿಯಿಂದ ದೀಪಾವಳಿ ದಾಟುವ ತನಕ ರೂಮಿನಲ್ಲಿ ಕೂತು ಅನ್ನ ಬೇಯಿಸಿದ, ಪಾತ್ರೆ ತೊಳೆದ, ಅವಳು ಅದೇ ರೂಮಿನ ಮೂಲೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇಂಗ್ಲಿಷ್ ಪರೀಕ್ಷೆಗೆ ಓದಿದಳು, ಪಾಸಾದಳು, ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಹೋಗಿ ತಿರುಗಿ ನೋಡಿದಳು, ಅಷ್ಟರಲ್ಲಿ ಇವನ ಕೆಲಸ ವಾಪಸ್ ಬಂದಿತ್ತು, ಕೆಲಸ ಬಂತು, ಅವಳು ಹೋದಳು, ಎರಡಕ್ಕೂ ಒಂದೇ ಬಾಗಿಲು ಅನ್ನುವ ಹಾಗೆ.

ಹಲಸೂರು ಸ್ಟಾಪಿನಲ್ಲಿ ಬಟ್ಟೆಗಂಟು ಹೊತ್ತು ಹತ್ತಿದವರು ಶರ್ಫುನ್ನೀಸಾ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ದುಪಟ್ಟಾಗಳ ಅಂಚು ಹೊಲಿದುಕೊಡುವ ಹೆಂಗಸು, ಹತ್ತಿದ ದಿನವೆಲ್ಲ ಮೊದಲು ಕೇಳುವುದು ಒಂದೇ, ಬೀವಿ ಚೆನ್ನಾಗಿದ್ದಾಳಾ ಬೇಟಾ, ಇವನು ಹ್ಞೂಂ ಅಮ್ಮಾ ಎಂದು ಟಿಕೆಟ್ ಹರಿದುಕೊಟ್ಟ, ಅದೇ ಹೊತ್ತಿಗೆ ಕಿಟಕಿ ಪಕ್ಕದ ಹುಡುಗ, ಕೊರಳಲ್ಲಿ ಕಂಪನಿಯ ಪಟ್ಟಿ, ಮೊಬೈಲು ನೋಡುತ್ತ ಪಕ್ಕದವನಿಗೆ, ನೋಡು ಮಗಾ, ಇಂಗ್ಲೆಂಡಲ್ಲಿ ಇವತ್ತು ನರ್ಸುಗಳು ಸ್ಟ್ರೈಕಂತೆ, ರೈಲಿನವರದ್ದೂ ನಡೀತಾ ಇದೆ, ಅಷ್ಟು ಸಂಬಳ ತಗೊಂಡೂ ಇವರಿಗೇನು ಕಮ್ಮಿ ಗುರು, ಪೇಷೆಂಟ್ ಸತ್ರೆ ಯಾರು ಕೇಳ್ತಾರೆ. ಟಿಕೆಟ್ ಮಷಿನ್ನು ಕೈಯಲ್ಲಿ ಗರ್ ಅನ್ನುತ್ತಿದೆ, ಕಾಗದದ ನಾಲಗೆ ಹೊರಗೆ ಬರುತ್ತಿದೆ, ಹೇಳಬೇಕು, ಕೋಟು ಹಾಕಿಕೊಂಡು ಮಲಗುವವಳ ಬಗ್ಗೆ, ಪುಕ್ಕಟೆ ರೇಷನ್ನಿನ ಸಾಲಿನಲ್ಲಿ ನಿಂತು ಮುಖ ತಿರುಗಿಸಿದ ಹಿರಿಯ ಸಿಸ್ಟರ ಬಗ್ಗೆ, ನಾಲಗೆ ಏಳುವುದಿಲ್ಲ, ಬೆಳಿಗ್ಗೆ ತಾನೇ ಅವಳಿಗೆ ಒಳಗಿರು ಅಂದವನು ಈಗ ಯಾವ ಬಾಯಿಂದ ಹೇಳುವುದು. ಶರ್ಫುನ್ನೀಸಾ ಕೇಳಿಸಿಕೊಂಡರು, ನಿನ್ನ ಬೀವಿ ಅಲ್ಲೇ ಅಲ್ವಾ ಬೇಟಾ, ಗಟ್ಟಿಯಾಗಿಯೇ ಕೇಳಿದರು, ನಾಲ್ಕು ತಲೆ ತಿರುಗಿದವು, ಹುಡುಗ ಸಾರಿ ಸಾರ್ ಗೊತ್ತಿರ್ಲಿಲ್ಲ ಅಂದ. ಅವಳು ಹೋಗಲ್ಲ ಅಮ್ಮಾ, ನಾನೇ ಬೇಡ ಅಂದೆ. ಶರ್ಫುನ್ನೀಸಾ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಎಲ್ಲಾರೂ ಹೊರಗೆ ನಿಂತ್ಕೊಂಡ್ರೆ ಆಕೆ ಒಬ್ಬಳೇ ಒಳಗೆ ಏನ್ ಮಾಡ್ತಾಳೆ ಬೇಟಾ?

ಇಂದಿರಾನಗರ ಹೋಯಿತು, ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಬಸ್ಸು ನಿಂತಿತು, ಮೆಟ್ರೋ ಕಂಬಗಳ ಕೆಳಗೆ ಧೂಳು, ಹಾರ್ನು, ಒಬ್ಬಳೇ ಒಳಗೆ ಏನ್ ಮಾಡ್ತಾಳೆ, ಡ್ರೈವರ್ ಸೀಟಿನಲ್ಲಿ ಮುತ್ತಣ್ಣನ ಅಗಲ ಬೆನ್ನು, ಆವತ್ತು ಮೊದಮೊದಲೇ ಒಳಗೆ ಹೋದವರಲ್ಲಿ ಈ ಮುತ್ತಣ್ಣನೂ ಒಬ್ಬ, ಇವನು ಕೆಲಸಕ್ಕೆ ವಾಪಸ್ ಬಂದ ಮೇಲೆ ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಿದರು, ತಿಂಗಳುಗಟ್ಟಲೆ ಇವನು ವಿಸಿಲ್ಲಿನಲ್ಲಿ ಬಿಟ್ಟರೆ ಬಾಯಲ್ಲಿ ಮಾತಾಡಿರಲಿಲ್ಲ, ಒಂದು ಸಲ ಕೆ.ಆರ್. ಪುರಂನಲ್ಲಿ ಟೀ ಕುಡಿಯುವಾಗ ಅವನೇ ಅಂದಿದ್ದ, ಹೊರಗಿದ್ದ ನಿಂಗೆ ಪೊಲೀಸ್ರ ಭಯ ಶರಣಾ, ಒಳಗಿದ್ದ ನಂಗೆ ನಿಮ್ ಮುಖಗಳ ಭಯ, ಡಿಪೋ ಕ್ಯಾಂಟೀನಲ್ಲಿ ಅಷ್ಟುದ್ದ ಬೆಂಚಲ್ಲಿ ಒಬ್ನೇ ಕೂತು ಉಣ್ತಿದ್ದೆ, ಅನ್ನ ಇಳೀತಿರ್ಲಿಲ್ಲ. ಆಗ ಶಿವಶರಣ ಒಳ್ಳೇದಾಯ್ತು ಅಂದುಕೊಂಡಿದ್ದ, ಈಗ ಆ ಉದ್ದ ಬೆಂಚಿನ ತುದಿಯಲ್ಲಿ ಶೀತಲ್ ಕೂತಿದ್ದಾಳೆ, ಡಬ್ಬಿ ತೆರೆದಿದ್ದಾಳೆ, ನಾಲಗೆಗೆ ಇನ್ನೂ ಒಗ್ಗದ ಭಾಷೆ, ಕತ್ತಲಿನ ಊರು, ಜೊತೆಗಿದ್ದವರೆಲ್ಲ ಗೇಟಿನ ಹೊರಗೆ, ಅವಳನ್ನು ಅಲ್ಲಿ ಕೂರಿಸಿದವನು ತಾನು. ಬಸ್ಸು ಹೊರಟಿತು, ಇಳಿಯುವವರು ಇಳಿದರು, ಶರ್ಫುನ್ನೀಸಾ ಇಳಿಯುವಾಗ ಇವನ ತೋಳನ್ನು ಮೆಲ್ಲಗೆ ತಟ್ಟಿ ಹೋದರು.

ಕೆ.ಆರ್. ಪುರಂ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ, ಅಲ್ಲಿ ಇನ್ನೂ ಬೆಳಕು ಹರಿಯದ ಮುಂಜಾನೆ, ಬಸ್ಸು ಖಾಲಿ, ಮುತ್ತಣ್ಣ ಟೀಗೆ ಹೋದ, ಬರ್ತೀಯಾ ಅಂದ, ನೀ ನಡಿ ಅಂದ ಇವನು, ಹಿಂದಿನ ಸೀಟಿಗೆ ಹೋಗಿ ಕೂತು ಫೋನ್ ಮಾಡಿದ, ರಿಂಗಾಯಿತು, ಎತ್ತಲಿಲ್ಲ, ಮತ್ತೆ ಮಾಡಿದ, ಎತ್ತಲಿಲ್ಲ, ಮೈಕಿನ ಗುರುತು ಒತ್ತಿಹಿಡಿದು ಬಾಯಿಗೆ ಹತ್ತಿರ ತಂದ, ಖಾಲಿ ಬಸ್ಸಿನಲ್ಲಿ ತನ್ನ ದನಿಯೇ ಬೇರೆಯವರದ್ದು ಅನ್ನಿಸಿತು, ಶೀತಲ್, ಹೋಗು, ಒಬ್ಬಾಕೀನೇ ಒಳಗ ಇರಬ್ಯಾಡ, ಮುಂಜಾನಿ ಹೆದರಿ ಅಂದೆ, ನನಗಾದದ್ದು ನಿನಗೂ ಆದೀತಂತ, ಬೆಚ್ಚಗ ಹಾಕ್ಕೊಂಡು ಹೋಗು. ಬೆರಳು ತೆಗೆದ, ಹೋಯಿತು, ಒಂದು ಗೀಟು, ಎರಡು ಗೀಟು, ನೀಲಿಯಾಗಲಿಲ್ಲ, ನೋಡುತ್ತಲೇ ಇದ್ದ, ನೀಲಿಯಾಗಲಿಲ್ಲ, ಅಷ್ಟರಲ್ಲಿ ಒಂದು ಫೋಟೋ ಬಂತು, ಬೇರೆ ಯಾರದೋ ನಂಬರಿಂದ, ಶೀತಲ್ ಹೇಳಿದ್ದಕ್ಕೆ ಕಳಿಸುತ್ತಿದ್ದೇನೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಅವಳ ಫೋನು ಕೋಟಿನ ಜೇಬಿನಲ್ಲೇ ಇರಬೇಕು, ಇವನ ಮಾತು ಅವಳ ಕಿವಿಗೆ ಇನ್ನೂ ಬಿದ್ದಿಲ್ಲ, ಅದಕ್ಕೆ ಮುಂಚೆಯೇ ಹೋಗಿದ್ದಾಳೆ, ಇವನು ಹ್ಞೂಂ ಅನ್ನಲಿ ಅಂತ ಕಾದಿಲ್ಲ, ಬೀದಿದೀಪ ಇನ್ನೂ ಉರೀತಿದೆ, ಗೇಟು, ಹೆಂಗಸರ ಸಾಲು, ಅವಳ ಕೈಗೆ ದೊಡ್ಡವರ ಕೆಂಪು ಗವಸು, ಅವಳದಲ್ಲ, ಯಾರು ಕೊಟ್ಟರೋ, ಬೆಳ್ಳಗಿನ ತಲೆಯವಳೊಬ್ಬಳು ಅವಳ ಭುಜಕ್ಕೆ ಭುಜ ಕೊಟ್ಟು ನಿಂತಿದ್ದಾಳೆ, ಶೀತಲ್ ಕ್ಯಾಮೆರಾದ ಕಡೆ ನೋಡುತ್ತಿಲ್ಲ, ಇವನ ಕಡೆ ನೋಡುತ್ತಿಲ್ಲ, ಬಾಯಿ ಅಗಲ ತೆರೆದಿದ್ದಾಳೆ, ಕೂಗುತ್ತಿದ್ದಾಳೆ, ಬಾಯಿಂದ ಬಿಳಿ ಹಬೆ, ಅರ್ಧ ಮುಖವನ್ನೇ ಮುಚ್ಚಿದ ಹಬೆ, ಏನಂತ ಕೂಗಿದಳೋ, ಇಂಗ್ಲಿಷಿನಲ್ಲೋ ಕನ್ನಡದಲ್ಲೋ, ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕೂಗಿದ್ದನ್ನು ಇವನು ಕೇಳಿಲ್ಲ, ಕೇಳಿಲ್ಲವಲ್ಲ, ಮುತ್ತಣ್ಣ ಬಂದು ಸೀಟು ಹತ್ತಿದ, ಹೊರಡೋಣ್ವಾ ಶರಣಾ, ವಿಸಿಲ್ ಹಾಕಬೇಕು, ಜನ ಹತ್ತುತ್ತಿದ್ದಾರೆ, ಫೋಟೋ ದೊಡ್ಡದು ಮಾಡಿದ, ಹಬೆ, ಇನ್ನೂ ದೊಡ್ಡದು ಮಾಡಿದ, ಮುಖ ಪರದೆಯಾಚೆ ಸರಿಯಿತು, ಗೇಟು ಸರಿಯಿತು, ಜನ ಸರಿದರು, ಬಿಳಿ ಹಬೆ, ತೆರೆದ ಬಾಯಿ, ಹಬೆ