ಇಪ್ಪತ್ತೊಂದು ಅಕ್ಷರದ ತೋಟಾ

‘ಮುಂದೆ ನಾನೊಂದು ಕೋವಿ ತೋಟಾ ಮಾಡಿದ್ರೆ, ಅದರ ಬುಡದ ಮೇಲೆ ನಿನ್ನ ಪೂರ್ತಿ ಹೆಸರು ಒತ್ತಿಸ್ತೀನಿ’ ಎಂದು ಆರ್ವಿಲ್ ಟ್ಯಾಡ್ಲಾಕ್ ಮದುವೆಗೆ ಮುಂಚೆ ತನ್ನ ಹುಡುಗಿಗೆ ಮಾತು ಕೊಟ್ಟಿದ್ದ. ಪ್ರೀತಿಯ ಭರದಲ್ಲಿ ಅಕ್ಷರ ಎಣಿಸಿರಲಿಲ್ಲ. ವಿಲ್ಹೆಲ್ಮೀನಾ ಓಬರ್‌ಹೋಲ್ಟ್ಸರ್: ಇಂಗ್ಲಿಷಿನಲ್ಲಿ ಇಪ್ಪತ್ತೊಂದು.

ಇಡಾಹೋದ ಆ ಊರಿನಲ್ಲಿ ಕೋವಿ ರಿಪೇರಿಯವರೆಲ್ಲರ ಹುಚ್ಚು ಒಂದೇ: ಹಳೆಯ ತೋಟಾದ ಹಿತ್ತಾಳೆ ಕೊಳವೆಯ ಕುತ್ತಿಗೆ ಹಿಸುಕಿ, ಭುಜ ಉಬ್ಬಿಸಿ, ಹೊಸತೊಂದು ಮಾಡಿ ಹೆಸರಿಡುವುದು. ಆರ್ವಿಲ್ ಹದಿನೆಂಟು ವರ್ಷ ಹಿಸುಕಿದ. ಉಬ್ಬಿಸಲು ಗುಂಡಿನ ಬದಲು ಮೆಕ್ಕೆಜೋಳದ ಹಿಟ್ಟು ತುಂಬಿ ಹಾರಿಸಬೇಕು. ಹಾಗಾಗಿ ಆ ಮನೆಯಲ್ಲಿ ಜೋಳದ ರೊಟ್ಟಿ ಕಂಡವರಿಲ್ಲ. ಕೊನೆಗೆ 1937ರಲ್ಲಿ ಜಿಂಕೆ ಬೇಟೆಗೆ ಹೇಳಿ ಮಾಡಿಸಿದಂಥದೊಂದು ಕೈಗೂಡಿತು. ಕಾರ್ಖಾನೆಯೊಂದರಿಂದ ಹ್ಯಾಸ್ಕೆಲ್ ಎಂಬವನು ಬಂದು, ಹಾರಿಸಿ ನೋಡಿ, ದೇಶದ ಅಂಗಡಿಗಳಲ್ಲೆಲ್ಲ ಇಡುತ್ತೇವೆ ಎಂದ. ಆರ್ವಿಲ್ ಬದುಕಿದ್ದೇ ಈ ಮಾತು ಕೇಳುವುದಕ್ಕೆ.

“ಹೆಸರು?”

ಆರ್ವಿಲ್ ಹೇಳಿದ.

“ಉಗುರಿನಷ್ಟಗಲ ಬುಡ ಸ್ವಾಮಿ, ನಡುವೆ ಕಿಡಿ ಹೊತ್ತಿಸೋ ಕೇಪಿಗೂ ಜಾಗ ಬೇಕು. ‘ನೊಣ’ ಅಂತಿಡೋಣ. ಹುಳದ ಹೆಸರು ಚೆನ್ನಾಗಿ ಓಡುತ್ತೆ.”

“ನೊಣನಾ?” ಅಡುಗೆಮನೆಯ ಬಾಗಿಲಿಗೆ ವಿಲ್ಹೆಲ್ಮೀನಾ ಬಂದಳು. “ಹದಿನೆಂಟು ವರ್ಷ ರೊಟ್ಟಿ ಬಿಟ್ಟಿದ್ದು ನೊಣಕ್ಕಾ?”

“ಚಿಕ್ಕದು ಮಾಡಿ ಮಿನ್ನಿ ಅಂತ ಹಾಕ್ಸಲೇನೇ?” ಎಂದ ಆರ್ವಿಲ್.

“ಮಿನ್ನಿ ನಿಮ್ಮಮ್ಮನ ಮೇಕೆ ಹೆಸರು.”

“ಸಣ್ಣ ಅಕ್ಷರದಲ್ಲಿ?”

“ಭೂತಗನ್ನಡಿ ಹಿಡಿದು ಓದೋಕೆ ನಾನೇನು ಔಷಧಿ ಚೀಟಿನಾ?”

ಹ್ಯಾಸ್ಕೆಲ್ ಆರು ತಿಂಗಳ ಗಡುವು ಕೊಟ್ಟು ಹೋದ. ಹೆಸರು ಕುಗ್ಗದು ಎಂದಮೇಲೆ ಬುಡ ಹಿಗ್ಗಬೇಕು. ಆರ್ವಿಲ್ ಬೈಸನ್ ಬೇಟೆಯ ಕಾಲದ ದಪ್ಪ ತೋಟಾ ಹುಡುಕಿ ತಂದ. ‘ವಿಲ್ಹೆಲ್ಮೀನಾ’ವರೆಗೆ ಹಿಡಿಸಿತು, ತವರಿನ ಹೆಸರು ಹೊರಗೇ ಉಳಿಯಿತು. ಹಿತ್ತಾಳೆ ದಿಂಡನ್ನೇ ತಂದು ಲೇತಿಗೆ ಕೊಟ್ಟ. ಬುಡ ಅಗಲವಾದಂತೆ ಮೈ ಉದ್ದವಾಯಿತು, ಮೈ ಉದ್ದವಾದಂತೆ ಮದ್ದು ಹೆಚ್ಚಾಯಿತು, ಅದಕ್ಕೆ ತಕ್ಕ ಗುಂಡು ಆಲೂಗಡ್ಡೆಯಷ್ಟಾಯಿತು.

ಹ್ಯಾಸ್ಕೆಲ್ ಮರಳಿ ಬಂದಾಗ ಮೇಜಿನ ಮೇಲೆ ಜ್ಯಾಮ್ ಬಾಟಲಿಯಷ್ಟು ದಪ್ಪದ ತೋಟಾ ನಿಂತಿತ್ತು.

“ಇದರಲ್ಲಿ ಏನು ಹೊಡೀತೀರಿ?”

“ಹೊಡೆಯೋದಲ್ಲ, ಓದೋದು,” ಎಂದಳು ವಿಲ್ಹೆಲ್ಮೀನಾ.

ಹ್ಯಾಸ್ಕೆಲ್ ‘ನೊಣ’ದ ಕರಾರುಪತ್ರ ಮುಂದೆ ಸರಿಸಿ ಪೆನ್ನು ಬಿಚ್ಚಿ ಕೊಟ್ಟ. “ಸಹಿ ಹಾಕಿ. ಇಲ್ಲಾಂದ್ರೆ ನಾಳೆ ಪಕ್ಕದೂರಿನವನ ತೋಟಾ ತಗೋತೀವಿ.”

ಆರ್ವಿಲನ ಕಣ್ಣ ಮುಂದೆ ಅಂಗಡಿಗಳ ಸಾಲು ಹಾದುಹೋಯಿತು. ವಿಲ್ಹೆಲ್ಮೀನಾ ತೋಟಾವನ್ನು ಬೋರಲು ಮಾಡಿ ಬುಡದ ಇಪ್ಪತ್ತೊಂದು ಅಕ್ಷರಗಳನ್ನು ಏಪ್ರನ್ನಿನ ಚುಂಗಿನಿಂದ ಒರೆಸುತ್ತಿದ್ದಳು.

ಆರ್ವಿಲ್ ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಕೊಟ್ಟ.

ಆ ವರ್ಷ ಅಂಗಡಿಗಳಿಗೆ ಬಂದದ್ದು ಪಕ್ಕದೂರಿನವನ ತೋಟಾ. ಆರ್ವಿಲನದು ಒಂದೇ ಒಂದು ತಯಾರಾಯಿತು. ಅದನ್ನು ಹಾರಿಸುವ ಕೋವಿ ಎಲ್ಲೂ ಇಲ್ಲ. ಕೊಟ್ಟ ಮಾತನ್ನು ಅವನು ನಡೆಸಿದ.