ಗಾಜಿನ ಕೋಣೆಗೆ ಯಾವ ಕಾರು

ಮಾವನ ಕಾರು ಇಟಲಿಯದು, ಕೆಂಪು, ಐವತ್ತು ವರ್ಷ ಹಳೆಯದು. ಅಳಿಯನದು ಸ್ವೀಡನ್ನಿನದು, ಬೂದಿ ಬಣ್ಣ, ಹೋದ ದಶಕದ್ದು. ಇಡೀ ಜಗತ್ತಿನಲ್ಲಿ ಕೆಂಪಿನಂಥವು ನೂರಿಲ್ಲ, ಬೂದಿಯಂಥವು ಇಪ್ಪತ್ತಿಲ್ಲ. ಈ ಮಾವ ಅಳಿಯನಂಥ ಮುಠ್ಠಾಳರು ಮಾತ್ರ ಬೇಕಾದಷ್ಟಿದ್ದಾರೆ. ಹನ್ನೊಂದು ವರ್ಷ ಅವರ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವನು ನಾನು, ಅಷ್ಟು ಹೇಳುವ ಹಕ್ಕು ನನಗಿದೆ.

ಊಟಕ್ಕೆ ಕೂತರೆ ಇಬ್ಬರದೂ ಅದೇ ಜಗಳ.

"ನಿಮ್ದು ಮುದುಕಿ, ಮಾವ. ನಂದು ನಾನೂರು ಸ್ಪೀಡ್ ಹೋಗತ್ತೆ."

"ಹೋಗತ್ತೆ ಅಂತ ಪುಸ್ತಕದಲ್ಲಿದೆ. ನೀನು ಹೋಗಿದೀಯಾ?"

ಮಾವನೂ ಹೋಗಿರಲಿಲ್ಲ. ಕಿಲೋಮೀಟರು ಎಣಿಸುವ ಮೀಟರು ಏರಿದರೆ ಬೆಲೆ ಇಳಿಯುತ್ತದಂತೆ. ನನಗೂ ಕಟ್ಟಪ್ಪಣೆ: ಒರೆಸು, ಮುಚ್ಚು, ಓಡಿಸಬೇಡ.

ಕೊನೆಗೆ ಹಜಾರದಲ್ಲಿ ಒಂದು ಗಾಜಿನ ಕೋಣೆ ಕಟ್ಟಿಸಿದರು. ಒಬ್ಬ ಪರಿಣತ ಬಂದು ಎರಡನ್ನೂ ಹೋಲಿಸಿ ನೋಡುವುದು, ಗೆದ್ದ ಕಾರಿನ ಎಣ್ಣೆ, ಪೆಟ್ರೋಲು ಬಸಿದು ಅದನ್ನು ಶಾಶ್ವತವಾಗಿ ಗಾಜಿನೊಳಗೆ ನಿಲ್ಲಿಸುವುದು. ಇದಕ್ಕೆ ಅವರಿಟ್ಟ ಹೆಸರು ಗೌರವ! ಕೆಂಪು ಕಾರೆಂದರೆ ನನಗೆ ಪ್ರಾಣ. ಹೇಗಾದರೂ ಅದು ಗೆಲ್ಲದಿರಲಿ ಎನ್ನುವುದೇ ನನ್ನಾಸೆ.

ಪರಿಣತ ಬಂದ. ಬೂದಿ ಕಾರಿನ ಬ್ಯಾಟರಿ ಸತ್ತಿತ್ತು, ಬಾಗಿಲೇ ತೆರೆಯಲಿಲ್ಲ. ಅಳಿಯ ಕೈಯಲ್ಲಿದ್ದ ಗುಂಡಿಯನ್ನು ಒತ್ತಿ ಒತ್ತಿ ಬೆವೆತ. ಕೆಂಪಿನದು ಹಾಗಲ್ಲ, ಕೀ ತಿರುಗಿಸಿದ್ದೇ ತಡ, ಗುಡುಗಿತು.

"ಓಡಿಸದೇ ಇಟ್ಟ ಗಾಡಿ ಹೀಗೆ ಸ್ಟಾರ್ಟ್ ಆಗೋದಾ! ಇದೇ ಗೆದ್ದಿದ್ದು" ಎಂದ ಪರಿಣತ.

"ತಳಿ ಅಂದ್ರೆ ಇದು" ಎಂದು ಮಾವ ಎದೆ ಉಬ್ಬಿಸಿ, ಕಾರನ್ನು ತಾನೇ ಹಜಾರಕ್ಕೆ ಒಯ್ಯಲು ಗೇರು ಹಾಕಿದ. ಬೇರೆ ಕಾರುಗಳಲ್ಲಿ ಮೊದಲ ಗೇರು ಇರುವ ಜಾಗದಲ್ಲಿ ಇದಕ್ಕೆ ಹಿಂದಕ್ಕೆ ಹೋಗುವ ಗೇರು. ಇಪ್ಪತ್ತು ವರ್ಷದಿಂದ ಅದರ ಯಜಮಾನನಾದವನಿಗೆ ಅದು ಗೊತ್ತಿರಲಿಲ್ಲ. ಕಾರು ಹಿಂದಕ್ಕೆ ನೆಗೆದು ಎರಡು ಹೂಕುಂಡ ಒಡೆಯಿತು.

"ಗೇರೇ ಸರಿಯಿಲ್ಲ ಇದರದ್ದು" ಎಂದು ಮಾವ ಇಳಿದ. ಕುಣಿಯಲಾರದವರಿಗೆ ನೆಲ ಡೊಂಕು. "ನೀನೇ ಒಳಗೆ ತಂದು ಎಣ್ಣೆ ಬಸಿ."

ನಾನು ಕದಲಲಿಲ್ಲ. "ಯಜಮಾನ್ರೇ, ಮೀಟರ್ ಸುಳ್ಳು. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ನೀವು ಕ್ಲಬ್ಬಿಗೆ ಹೋದ ಮೇಲೆ, ಮೀಟರಿನ ಕೇಬಲ್ ಬಿಚ್ಚಿಟ್ಟು ನಾನು ಇದನ್ನ ಓಡಿಸ್ತಿದೀನಿ. ಅದಕ್ಕೇ ಸ್ಟಾರ್ಟ್ ಆಗಿದ್ದು. ತಳಿಯೂ ಇಲ್ಲ, ಗಿಳಿಯೂ ಇಲ್ಲ."

ಮಾವ ಕಾರಿನ ಮೇಲಿಟ್ಟಿದ್ದ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡ. "ಎಂಜಲು ಮಾಡಿಬಿಟ್ಯಲ್ಲೋ!"

"ಹಾಗಾದ್ರೆ ಬೂದಿ ಕಾರೇ ಗೆದ್ದ ಹಾಗೆ" ಎಂದು ಪರಿಣತ ಪೆನ್ನು ಮುಚ್ಚಿದ.

ಅಳಿಯ ಚಪ್ಪಾಳೆ ಹೊಡೆದ. ಬಾಗಿಲೇ ತೆರೆಯದ ಆ ವೀರನ ಗಾಲಿಗಳ ಕೆಳಗೆ ಚಕ್ರದ ಹಲಗೆ ಕೊಟ್ಟು, ಆರು ಜನ ಏದುಸಿರು ಬಿಡುತ್ತಾ ಗಾಜಿನ ಕೋಣೆಗೆ ತಳ್ಳಿದರು.

"ಆ ಎಂಜಲು ಗಾಡಿ ನನ್ನ ಕಣ್ಣಿಗೆ ಬೀಳಬಾರದು. ಶೆಡ್ಡಿಗೆ ಹಾಕಿ, ಕೀ ಕೊಟ್ಟು ತೊಲಗು. ನಾಳೆಯಿಂದ ಬರಬೇಡ" ಎಂದ ಮಾವ.

ಕೆಲಸ ಹೋಯಿತು. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೆಂಪು ಕಾರಿನ ಎಣ್ಣೆ ಅದರ ಹೊಟ್ಟೆಯಲ್ಲೇ ಉಳಿಯಿತು.

ಶೆಡ್ಡು ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ನಾನು ಎಲ್ಲರೆದುರೇ ಬಗ್ಗಿ ಕೇಬಲ್ ಸಿಕ್ಕಿಸಿದೆ, ಗೇರಿನ ಕೋಲನ್ನು ಎಡಕ್ಕೆಳೆದು ಕೆಳಗೆ ತಂದು ಮೊದಲ ಗೇರು ಹಾಕಿದೆ, ಗೇಟಿನ ಕಡೆ ತಿರುಗಿಸಿದೆ. ಹಿಂದಿನಿಂದ ಮಾವ ಕೂಗುತ್ತಿದ್ದ. ವಾಪಸು ಬಂದು ಕೀ ಕೊಡುವಾಗ ಮೀಟರು ಅರವತ್ತೆರಡು ಕಿಲೋಮೀಟರು ಏರಿತ್ತು. ಹನ್ನೊಂದು ವರ್ಷದಲ್ಲಿ ಅದು ನಿಜ ಹೇಳಿದ್ದು ಅದೇ ಮೊದಲು.